ಸಂವಹನ ಸೇವೆಗಳಲ್ಲಿ ಸಮಾನ ಪ್ರವೇಶ: ದೂರವಾಣಿಯ ಚರಿತ್ರೆಯ ಒಂದು ಮರುಓದು

ಸಂವಹನ ಮಾಧ್ಯಮಗಳ ಚರಿತ್ರೆ ಎಂಬ ಹೆಸರಿನಲ್ಲಿ ನಮಗೆ ದೊರೆಯುವುದು ಬಹುಮಟ್ಟಿಗೆ ಆವಿಷ್ಕಾರಗಳ ಚರಿತ್ರೆ. ತಂತಿ ಯಾವಾಗ ಬಂತು, ದೂರವಾಣಿ ಯಾರಿಂದ ರೂಪುಗೊಂಡಿತು, ಎಷ್ಟು ವರ್ಷಗಳಲ್ಲಿ ಎಷ್ಟು ಮನೆಗಳನ್ನು ತಲುಪಿತು ಎಂಬ ವಿವರಗಳು ಅಲ್ಲಿ ಸಮೃದ್ಧವಾಗಿವೆ. ಹೊಸದಾಗಿ ಬಂದ ಸಾಧನವೊಂದು ಯಾರನ್ನು ಹೊರಗೆ ನಿಲ್ಲಿಸಿತು, ಹಾಗೆ ಹೊರಗುಳಿದವರು ಒಳಗೆ ಬರಲು ಏನು ಮಾಡಿದರು, ಅದರ ವೆಚ್ಚವನ್ನು ಯಾರು ಭರಿಸಿದರು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ದೂರವಾಣಿಯ ಚರಿತ್ರೆಯನ್ನು, ವಿಶೇಷವಾಗಿ ಅಮೆರಿಕದಲ್ಲಿ ಶ್ರವಣದೋಷವುಳ್ಳವರು ಅದರೊಡನೆ ನಡೆಸಿದ ಒಂದು ಶತಮಾನದ ವ್ಯವಹಾರವನ್ನು, ಪರಿಶೀಲಿಸುತ್ತದೆ. ಆ ಹಿನ್ನೆಲೆಯಲ್ಲಿ ಭಾರತದ ಹಾಗೂ ಕನ್ನಡದ ಸಂದರ್ಭವನ್ನು ಕೊನೆಯಲ್ಲಿ ಕೆಲಮಟ್ಟಿಗೆ ಗಮನಿಸಲಾಗಿದೆ.

ಪ್ರತಿಯೊಂದು ಮಾಧ್ಯಮವೂ ಯಾವುದಾದರೊಂದು ಇಂದ್ರಿಯವನ್ನು ಆಶ್ರಯಿಸಿಯೇ ಹುಟ್ಟುತ್ತದೆ. ಕಾಗದ ಕಣ್ಣನ್ನು ಬೇಡುತ್ತದೆ, ದೂರವಾಣಿ ಕಿವಿಯನ್ನು ಬೇಡುತ್ತದೆ. ಅಂಚೆಯ ಯುಗದಲ್ಲಿ ಕಿವುಡರಾದವರು ಬರವಣಿಗೆ ಬಲ್ಲವರಾಗಿದ್ದರೆ ಉಳಿದವರಿಗೆ ಸಮಾನರಾಗಿದ್ದರು. ತಮಗೆ ಬಂದ ಕಾಗದವನ್ನು ಬೇರೆಯವರಿಂದ ಓದಿಸಬೇಕಾದ ಸ್ಥಿತಿ ಅಂಧರದಾಗಿತ್ತು. ದೂರವಾಣಿ ಬಂದ ಮೇಲೆ ಈ ಇಬ್ಬರ ಸ್ಥಾನಗಳು ಅದಲುಬದಲಾದವು. ಯಾರ ದೇಹದಲ್ಲಿಯೂ ಯಾವ ಬದಲಾವಣೆಯೂ ಆಗಿರಲಿಲ್ಲ. ವೈಕಲ್ಯವು ವ್ಯಕ್ತಿಯ ದೇಹದಲ್ಲಿ ಮಾತ್ರ ಇರುವಂಥದಲ್ಲ, ಸಾಧನದ ರಚನೆಯಲ್ಲಿಯೂ ಇರುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಚಾರಿತ್ರಿಕ ನಿದರ್ಶನ ಸಿಗುವುದು ಕಷ್ಟ.

ಅಂಚೆ ವ್ಯವಸ್ಥೆ ಅಂಧರ ವಿಷಯದಲ್ಲಿ ಕೈಗೊಂಡ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯುವುದು ಉಚಿತ. ಉಬ್ಬಕ್ಷರದ ಪುಸ್ತಕಗಳು ದಪ್ಪ ಕಾಗದದ ಮೇಲೆ ಸಿದ್ಧವಾಗುವುದರಿಂದ ಒಂದು ಸಾಧಾರಣ ಗ್ರಂಥವೇ ಹಲವು ಸಂಪುಟಗಳಾಗಿ ಬೆಳೆಯುತ್ತದೆ. ತೂಕದ ಮೇಲೆ ದರ ವಿಧಿಸುವ ಅಂಚೆಯಲ್ಲಿ ಅವನ್ನು ಕಳುಹಿಸುವುದು ದುಬಾರಿ. ಅಮೆರಿಕವು 1904ರ ಒಂದು ಕಾಯಿದೆಯ ಮೂಲಕ ಗ್ರಂಥಾಲಯಗಳು ಅಂಧ ಓದುಗರಿಗೆ ಕಳುಹಿಸುವ ಇಂತಹ ಪುಸ್ತಕಗಳ ಅಂಚೆ ವೆಚ್ಚವನ್ನು ಮನ್ನಾ ಮಾಡಿತು. ಮುಂದೆ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟವೂ ಈ ತತ್ತ್ವವನ್ನು ಅಂಗೀಕರಿಸಿತು. ಭಾರತದ ಅಂಚೆ ಇಲಾಖೆಯೂ 7 ಕಿಲೋಗ್ರಾಂ ವರೆಗಿನ ಅಂಧರ ಸಾಹಿತ್ಯದ ಕಟ್ಟುಗಳನ್ನು ಭೂಮಾರ್ಗವಾಗಿ ವೆಚ್ಚವಿಲ್ಲದೆ ಸಾಗಿಸುತ್ತ ಬಂದಿದೆ. ಇದು ಉಪಯುಕ್ತವಾದ ರಿಯಾಯಿತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ರಿಯಾಯಿತಿಯ ಸ್ವರೂಪವನ್ನು ಗಮನಿಸಬೇಕು. ಇಲ್ಲಿ ಅಂಚೆಯು ತನ್ನ ಕಾರ್ಯವಿಧಾನವನ್ನು ಬದಲಿಸಿಕೊಳ್ಳಲಿಲ್ಲ. ಬರಬೇಕಾದ ಹಣವನ್ನು ಬಿಟ್ಟುಕೊಟ್ಟಿತು, ಅಷ್ಟೆ. ದೂರವಾಣಿಯ ವಿಷಯದಲ್ಲಿ ಹಣ ಬಿಟ್ಟುಕೊಡುವುದರಿಂದ ಏನೂ ಆಗುವಂತಿರಲಿಲ್ಲ. ಕೇಳಿಸದ ದೂರವಾಣಿ ಪುಕ್ಕಟೆಯಾದರೂ ಕೇಳಿಸದು.

ದೂರವಾಣಿಯ ಮೂಲಪುರುಷನೆಂದು ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ವೃತ್ತಿಯಿಂದ ಕಿವುಡ ಮಕ್ಕಳ ಶಿಕ್ಷಕನಾಗಿದ್ದನು. ಅವನ ತಾಯಿಗೆ ಶ್ರವಣಶಕ್ತಿ ಬಹುಮಟ್ಟಿಗೆ ಇರಲಿಲ್ಲ. 1877ರಲ್ಲಿ ಅವನು ವಿವಾಹವಾದ ಮೇಬಲ್ ಹಬರ್ಡ್ ಐದನೆಯ ವಯಸ್ಸಿನಲ್ಲಿ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಳು. ಕಿವುಡರಿಗೆ ನೆರವಾಗಲೆಂದೇ ಬೆಲ್ ದೂರವಾಣಿಯನ್ನು ಕಂಡುಹಿಡಿದನೆಂಬ ಮಾತು ಜನಪ್ರಿಯ ಪುಸ್ತಕಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ, ಇದು ನಿಜವಲ್ಲ. ಒಂದೇ ತಂತಿಯ ಮೇಲೆ ಏಕಕಾಲಕ್ಕೆ ಹಲವು ತಂತಿ ಸಂದೇಶಗಳನ್ನು ಕಳುಹಿಸುವ ಉಪಾಯವನ್ನು ಅವನು ಹುಡುಕುತ್ತಿದ್ದನು. ಆದರೆ ಶಬ್ದದ ಕಂಪನಗಳ ಬಗ್ಗೆ ಅವನಿಗಿದ್ದ ಸೂಕ್ಷ್ಮ ಜ್ಞಾನ ಕಿವುಡರ ಶಿಕ್ಷಣದಿಂದ ಬಂದದ್ದೆಂಬುದು ಸತ್ಯ. 1874ರಲ್ಲಿ ಮೃತನೊಬ್ಬನ ಕಿವಿಯ ಭಾಗವನ್ನೇ ಬಳಸಿ, ಮಾತಿನ ಕಂಪನಗಳನ್ನು ಮಸಿ ಹಿಡಿದ ಗಾಜಿನ ಮೇಲೆ ಮೂಡಿಸುವ ಪ್ರಯೋಗವನ್ನು ಅವನು ಮಾಡಿದ್ದನು. 1876ರ ಮಾರ್ಚ್ 7ರಂದು ದೂರವಾಣಿಯ ಹಕ್ಕುಪತ್ರ ಅವನಿಗೆ ದೊರೆಯಿತು. ಕಿವುಡರ ನಡುವೆ ಬಾಳಿದವನ ಕೈಯಿಂದ ಹೊರಬಂದ ಸಾಧನವು ಅವನ ಹೆಂಡತಿಗೇ ಉಪಯೋಗಕ್ಕೆ ಬರಲಿಲ್ಲ.

ಬೆಲ್‌ನ ವಿಷಯದಲ್ಲಿ ಕಿವುಡ ಸಮುದಾಯದ ಅಸಮಾಧಾನಕ್ಕೆ ದೂರವಾಣಿಯೊಂದೇ ಕಾರಣವಲ್ಲ. ಸನ್ನೆಯ ಭಾಷೆಯನ್ನು ತೊರೆದು ತುಟಿಚಲನೆಯನ್ನು ಓದಿ ಮಾತನಾಡಲು ಕಲಿಯಬೇಕೆಂಬ ವಾದದ ಪ್ರಬಲ ಪ್ರತಿಪಾದಕರಲ್ಲಿ ಅವನೂ ಒಬ್ಬ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನವು ಶಾಲೆಗಳಲ್ಲಿ ಸನ್ನೆಯ ಭಾಷೆಗಿಂತ ಮಾತಿನ ವಿಧಾನವೇ ಶ್ರೇಷ್ಠವೆಂದು ನಿರ್ಣಯಿಸಿತು. ಆ ನಿರ್ಣಯದ ಬಗ್ಗೆ ಅದೇ ಪರಂಪರೆಯ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಹೀಗೆ ಶಾಲೆಯಲ್ಲಿಯೂ ದೂರಸಂಪರ್ಕದಲ್ಲಿಯೂ ಧ್ವನಿಯೇ ಭಾಷೆಯೆಂಬ ಭಾವನೆ ಒಂದೇ ಕಾಲದಲ್ಲಿ ಬೇರೂರಿತು. ಈ ಎರಡು ಬೆಳವಣಿಗೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯವೆಂದು ನನ್ನ ಅಭಿಪ್ರಾಯ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ದೈನಂದಿನ ಜೀವನವೆಲ್ಲ ದೂರವಾಣಿಗೆ ಹೊಂದಿಕೊಂಡಿತು. ವೈದ್ಯರನ್ನು ಕರೆಯುವುದು, ಕೆಲಸಕ್ಕೆ ಅರ್ಜಿ ಹಾಕಿ ವಿಚಾರಿಸುವುದು, ಬೆಂಕಿ ಬಿದ್ದಾಗ ನೆರವು ಕೋರುವುದು, ಎಲ್ಲವೂ ಅದರ ಮೂಲಕವೇ. ಕಿವುಡ ಗೃಹಸ್ಥರು ಗೆಳೆಯರನ್ನು ಕಾಣಲು ಮೈಲುಗಟ್ಟಲೆ ಪ್ರಯಾಣ ಮಾಡಿ, ಅವರು ಮನೆಯಲ್ಲಿಲ್ಲದಿದ್ದರೆ ಬಾಗಿಲಿಗೆ ಚೀಟಿ ಸಿಕ್ಕಿಸಿ ಮರಳುತ್ತಿದ್ದರು. ನೆರೆಮನೆಯವರನ್ನು ಬೇಡಿಕೊಂಡು, ಇಲ್ಲವೇ ಕಿವಿ ಕೇಳುವ ತಮ್ಮ ಎಳೆಯ ಮಕ್ಕಳ ಮೂಲಕ ಕರೆ ಮಾಡಿಸುತ್ತಿದ್ದರು. ತಂದೆತಾಯಿಯರ ಹಣಕಾಸು, ಕಾಯಿಲೆ, ಜಗಳ ಇವೆಲ್ಲ ಎಂಟು ಹತ್ತು ವರ್ಷದ ಮಗುವಿನ ಬಾಯಿಂದ ಹಾದುಹೋಗಬೇಕಾಗಿತ್ತು. ದೂರವಾಣಿಯಲ್ಲಿ ಮಾತನಾಡಲಾರರೆಂಬ ಕಾರಣಕ್ಕೆ ನೌಕರಿ ಮತ್ತು ಬಡ್ತಿ ತಪ್ಪಿಹೋಗುವುದು ಸಾಮಾನ್ಯವಾಗಿತ್ತು.

ಈ ಸ್ಥಿತಿಯನ್ನು ಮುರಿದವರು ದೂರವಾಣಿ ಕಂಪನಿಯ ಪ್ರಯೋಗಾಲಯದವರಲ್ಲ. ಸ್ವತಃ ಕಿವುಡರಾಗಿದ್ದ ಮೂವರು. ರಾಬರ್ಟ್ ವೈಟ್‌ಬ್ರೆಕ್ಟ್ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ, ಹವ್ಯಾಸಿ ರೇಡಿಯೋ ಪ್ರಸಾರಕ. ರೇಡಿಯೋ ಅಲೆಗಳ ಮೂಲಕ ಟೆಲಿಪ್ರಿಂಟರ್ ನಡೆಸುವುದು ಅವರಿಗೆ ರೂಢಿಯಾಗಿತ್ತು. ಜೇಮ್ಸ್ ಮಾರ್ಸ್ಟರ್ಸ್ ಪಾಸಡೀನದ ದಂತವೈದ್ಯ. ಆಂಡ್ರೂ ಸ್ಯಾಕ್ಸ್ ಉದ್ಯಮಿ. ದೂರವಾಣಿಯ ತಂತಿಯ ಮೇಲೆ ಟೆಲಿಪ್ರಿಂಟರ್ ನಡೆಸಲು ಸಾಧ್ಯವೇ ಎಂದು ಮಾರ್ಸ್ಟರ್ಸ್ ಕೇಳಿದ ಪ್ರಶ್ನೆಗೆ ವೈಟ್‌ಬ್ರೆಕ್ಟ್ ಉತ್ತರ ಹುಡುಕಿದರು. 1964ರ ಮೇ ತಿಂಗಳಲ್ಲಿ ಇಬ್ಬರು ಕಿವುಡರ ನಡುವೆ ಮೊದಲ ಬಾರಿಗೆ ಸಾಮಾನ್ಯ ದೂರವಾಣಿ ಮಾರ್ಗದಲ್ಲಿ ಅಕ್ಷರಗಳ ಸಂಭಾಷಣೆ ನಡೆಯಿತು. ಬೆಲ್‌ನ ಹಕ್ಕುಪತ್ರದಿಂದ ಲೆಕ್ಕ ಹಾಕಿದರೆ ಎಂಬತ್ತೆಂಟು ವರ್ಷಗಳ ನಂತರ. ಈ ಸಾಹಸದ ವಿವರಗಳನ್ನು ಹ್ಯಾರಿ ಲ್ಯಾಂಗ್ 2000ದಲ್ಲಿ ಪ್ರಕಟವಾದ 'ಎ ಫೋನ್ ಆಫ್ ಅವರ್ ಓನ್' ಎಂಬ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ.

ಸಾಧನದ ಕಾರ್ಯವಿಧಾನವನ್ನು ತಿಳಿದರೆ ಅದರ ಹಿಂದಿನ ರಾಜಕಾರಣವೂ ತಿಳಿಯುತ್ತದೆ. ದೂರವಾಣಿಯ ಕೈಪಿಡಿಯನ್ನು ಎತ್ತಿ ಒಂದು ಪೆಟ್ಟಿಗೆಯ ಮೇಲಿನ ಎರಡು ಕುಳಿಗಳಲ್ಲಿ ಕೂರಿಸಬೇಕು. ಟೆಲಿಪ್ರಿಂಟರ್‌ನ ಕೀಲಿಯನ್ನು ಒತ್ತಿದಾಗ ಆ ಅಕ್ಷರದ ಸಂಕೇತವು ಎರಡು ಬಗೆಯ ನಾದಗಳಾಗಿ ಪೆಟ್ಟಿಗೆಯಿಂದ ಹೊರಟು, ಮಾತಿನಂತೆಯೇ ಕೈಪಿಡಿಯ ಬಾಯಿಯೊಳಗೆ ಹೋಗುತ್ತದೆ. ಆಚೆಯ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಮತ್ತೆ ಅಕ್ಷರವಾಗಿ ಮುದ್ರಿಸುತ್ತದೆ. ನೇರವಾಗಿ ತಂತಿಗೆ ತಂತಿ ಜೋಡಿಸದೆ ಇಷ್ಟು ಸುತ್ತುದಾರಿ ಏಕೆ? ದೂರವಾಣಿ ಜಾಲದ ಮೇಲೆ ಏಕಸ್ವಾಮ್ಯ ಹೊಂದಿದ್ದ ಎಟಿ ಅಂಡ್ ಟಿ ಕಂಪನಿಯು ತನ್ನದಲ್ಲದ ಯಾವ ಉಪಕರಣವನ್ನೂ ಜಾಲಕ್ಕೆ ಜೋಡಿಸಲು ಅವಕಾಶ ನೀಡುತ್ತಿರಲಿಲ್ಲ. ಯಂತ್ರವು ಮನುಷ್ಯನಂತೆ ಕೈಪಿಡಿಯೊಳಗೆ 'ಮಾತನಾಡಬೇಕಾದದ್ದು' ಈ ನಿರ್ಬಂಧದ ಫಲ. 1968ರಲ್ಲಿ ಫೆಡರಲ್ ಸಂವಹನ ಆಯೋಗವು ಕಾರ್ಟರ್‌ಫೋನ್ ಪ್ರಕರಣದಲ್ಲಿ ನೀಡಿದ ತೀರ್ಪು, ಜಾಲಕ್ಕೆ ಹಾನಿ ಮಾಡದ ಹೊರಗಿನ ಉಪಕರಣಗಳನ್ನು ನಿಷೇಧಿಸಲಾಗದೆಂದು ಹೇಳಿತು. ಆ ಪ್ರಕರಣಕ್ಕೂ ಕಿವುಡರಿಗೂ ಸಂಬಂಧವಿರಲಿಲ್ಲ. ಅದು ರೇಡಿಯೋ ಉಪಕರಣವೊಂದನ್ನು ಕುರಿತ ವ್ಯಾಜ್ಯವಾಗಿತ್ತು. ಆದರೂ ಅದರ ಲಾಭ ಇವರಿಗೂ ದೊರೆಯಿತು.

ಅದೇ 1968ರಲ್ಲಿ ಕಂಪನಿಯು ತನ್ನಲ್ಲಿ ಹಳತಾಗಿ ಬಿದ್ದಿದ್ದ ಟೆಲಿಪ್ರಿಂಟರ್‌ಗಳನ್ನು ಕಿವುಡರಿಗೆ ಕೊಡಲು ಒಪ್ಪಿತು. ಅವುಗಳ ವಿತರಣೆಗಾಗಿ ಕಿವುಡರ ಸಂಘಟನೆಗಳು ಸೇರಿ ಒಂದು ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದವು. ಸ್ವಯಂಸೇವಕರು ಭಾರವಾದ ಈ ಯಂತ್ರಗಳನ್ನು ಹೊತ್ತು ತಂದು, ಎಣ್ಣೆ ಹಾಕಿ, ದುರಸ್ತಿ ಮಾಡಿ ಮನೆಮನೆಗೆ ಮುಟ್ಟಿಸಿದರು. ದಾನವಾಗಿ ಬಂದ ವಸ್ತುವಿಗೆ ಒಂದು ದೀರ್ಘ ನೆರಳಿರುತ್ತದೆ. ಹಳೆಯ ಯಂತ್ರಗಳು ಬಳಸುತ್ತಿದ್ದುದು ಐದು ಘಟಕಗಳ ಬೋಡೋ ಸಂಕೇತ. ಅದರಲ್ಲಿ ದೊಡ್ಡಕ್ಷರಗಳು ಮಾತ್ರ. ವೇಗ ನಿಮಿಷಕ್ಕೆ ಸುಮಾರು ಅರವತ್ತು ಪದ. ಏಕಕಾಲಕ್ಕೆ ಒಬ್ಬರು ಮಾತ್ರ ಬರೆಯಬಹುದಾದ್ದರಿಂದ 'ಇನ್ನು ನೀವು' ಎಂದು ಸೂಚಿಸಲು 'ಜಿಎ' ಎಂದೂ, ಸಂಭಾಷಣೆ ಮುಗಿಯಿತೆನ್ನಲು 'ಎಸ್‌ಕೆ' ಎಂದೂ ಬರೆಯುವ ರೂಢಿ ಬೆಳೆಯಿತು. ಗಣಕಯಂತ್ರಗಳ ಲೋಕವು ಆಸ್ಕಿ ಸಂಕೇತಕ್ಕೆ ಹೊರಳಿದ ಮೇಲೂ ಕಿವುಡರ ಜಾಲ ಹಳೆಯದಕ್ಕೇ ಕಟ್ಟುಬಿದ್ದಿತು. ಹೊಸ ಯಂತ್ರ ಕೊಂಡವರು ಹಳೆಯ ಯಂತ್ರವಿದ್ದವರೊಡನೆಯೂ ಮಾತನಾಡಬೇಕಿತ್ತಲ್ಲ! ಅಕ್ಷರ ಒತ್ತಿದೊಡನೆ ಆಚೆ ಕಾಣುವ ಹೊಸ ಪಠ್ಯ ವಿಧಾನವು ಈ ವ್ಯವಸ್ಥೆಯ ಸ್ಥಾನವನ್ನು ತುಂಬಬಹುದೆಂದು ಆಯೋಗ ಒಪ್ಪಿದ್ದು 2016ರಲ್ಲಿ. ಯುರೋಪಿನಲ್ಲಿ ಬೇರೊಂದು ತೊಡಕು ಉಂಟಾಯಿತು. ದೇಶದೇಶಕ್ಕೂ ಬೇರೆ ಬೇರೆ ಪಠ್ಯ ದೂರವಾಣಿ ಪದ್ಧತಿಗಳು ಬಳಕೆಗೆ ಬಂದು, ಗಡಿ ದಾಟಿದರೆ ಒಂದು ಯಂತ್ರ ಇನ್ನೊಂದಕ್ಕೆ ಅರ್ಥವಾಗದಂತಾಯಿತು. ಅವನ್ನು ಹೊಂದಿಸಲು 1990ರ ದಶಕದಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ವಿ.18 ಎಂಬ ಮಾನಕವನ್ನು ರೂಪಿಸಬೇಕಾಯಿತು.

ಯಂತ್ರ ದೊರೆತರೂ ಎರಡು ಸಮಸ್ಯೆಗಳು ಉಳಿದವು. ಮೊದಲನೆಯದು ದರ. ಬೆರಳಚ್ಚಿನ ಸಂಭಾಷಣೆ ಮಾತಿಗಿಂತ ಹಲವು ಪಟ್ಟು ನಿಧಾನ. ನಿಮಿಷದ ಲೆಕ್ಕದಲ್ಲಿ ದರ ವಿಧಿಸುವ ದೂರದ ಕರೆಗಳಲ್ಲಿ ಅದೇ ಮಾತಿಗೆ ಕಿವುಡರು ಹಲವು ಪಟ್ಟು ಹಣ ತೆರಬೇಕಾಗಿತ್ತು. ಎರಡನೆಯದು, ಯಂತ್ರವಿಲ್ಲದವರೊಡನೆ, ಅಂದರೆ ಸಮಾಜದ ಬಹುಪಾಲು ಜನರೊಡನೆ, ಮಾತನಾಡುವ ಮಾರ್ಗವಿರಲಿಲ್ಲ. ಇದಕ್ಕೆ ಉಪಾಯವಾಗಿ ಮಧ್ಯವರ್ತಿ ಸೇವೆ ಹುಟ್ಟಿತು. ಕಿವುಡರು ಬರೆದದ್ದನ್ನು ಮಧ್ಯದಲ್ಲಿ ಕುಳಿತವರು ಓದಿ ಹೇಳುವುದು, ಆಚೆಯವರು ಹೇಳಿದ್ದನ್ನು ಇತ್ತ ಬೆರಳಚ್ಚಿಸುವುದು. 1970ರ ದಶಕದಲ್ಲಿ ಇದನ್ನು ನಡೆಸಿದವರು ಹೆಚ್ಚಾಗಿ ಸ್ವಯಂಸೇವಕರು. ಹಣ ಕಡಿಮೆ, ಕರೆಗಳು ಹೆಚ್ಚು. ಆದ್ದರಿಂದ ಇಷ್ಟೇ ನಿಮಿಷ, ಇಂಥ ಹೊತ್ತಿನಲ್ಲಿ ಮಾತ್ರ ಎಂಬ ಮಿತಿಗಳು ಅನಿವಾರ್ಯವಾಗಿದ್ದವು.

ಕ್ಯಾಲಿಫೋರ್ನಿಯ ರಾಜ್ಯವು ಈ ವಿಷಯದಲ್ಲಿ ಇಟ್ಟ ಹೆಜ್ಜೆ ಚಾರಿತ್ರಿಕವಾದುದು. 1979ರಲ್ಲಿ ಅಲ್ಲಿಯ ಶಾಸನವು ಕಿವುಡ ಚಂದಾದಾರರಿಗೆ ಪಠ್ಯ ಯಂತ್ರಗಳನ್ನು ಒದಗಿಸಲು ನಿರ್ದೇಶಿಸಿ, ಅದರ ವೆಚ್ಚಕ್ಕಾಗಿ ಎಲ್ಲ ಚಂದಾದಾರರ ಬಿಲ್ಲಿನ ಮೇಲೆ ಅಲ್ಪ ಮೊತ್ತದ ಅಧಿಭಾರ ವಿಧಿಸಲು ಅವಕಾಶ ಕಲ್ಪಿಸಿತು. 1987ರಲ್ಲಿ ರಾಜ್ಯವ್ಯಾಪಿ ಮಧ್ಯವರ್ತಿ ಸೇವೆಯೂ ಆರಂಭವಾಯಿತು. ಮೂರು ವರ್ಷಗಳ ಬಳಿಕ, 1990ರ ಜುಲೈ 26ರಂದು ಅಂಕಿತವಾದ ಅಮೆರಿಕದ ವಿಕಲಚೇತನರ ಕಾಯಿದೆಯ ನಾಲ್ಕನೆಯ ಭಾಗವು ಇದನ್ನು ಇಡೀ ದೇಶಕ್ಕೆ ಅನ್ವಯಿಸಿತು. ಮೂರು ವರ್ಷದೊಳಗೆ ದೇಶದ ಎಲ್ಲೆಡೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಮಧ್ಯವರ್ತಿ ಸೇವೆ ಲಭ್ಯವಿರಬೇಕೆಂದು ದೂರವಾಣಿ ಕಂಪನಿಗಳಿಗೆ ವಿಧಿಸಲಾಯಿತು.

ಆ ಭಾಗದ ಒಕ್ಕಣೆ ನಿಧಾನವಾಗಿ ಓದಬೇಕಾದಂಥದು. ಸೇವೆಯು ಕಿವಿ ಕೇಳುವವರ ದೂರವಾಣಿಗೆ 'ಕಾರ್ಯತಃ ಸಮಾನ'ವಾಗಿರಬೇಕು ಎನ್ನುತ್ತದೆ ಕಾಯಿದೆ. ಕರೆಯ ಅವಧಿ, ದಿನದ ಹೊತ್ತು, ದೂರ ಇವುಗಳ ಲೆಕ್ಕದಲ್ಲಿ ಮಾತಿನ ಕರೆಗಿಂತ ಹೆಚ್ಚು ದರ ವಿಧಿಸುವಂತಿಲ್ಲ. ಮಧ್ಯವರ್ತಿಯು ಕರೆಯನ್ನು ನಿರಾಕರಿಸುವಂತಿಲ್ಲ, ಅದರ ಅವಧಿಯನ್ನು ಮೊಟಕುಗೊಳಿಸುವಂತಿಲ್ಲ, ಆಡಿದ್ದನ್ನು ಹೊರಗೆ ಹೇಳುವಂತಿಲ್ಲ, ದಾಖಲಿಸಿ ಇಟ್ಟುಕೊಳ್ಳುವಂತಿಲ್ಲ, ಉದ್ದೇಶಪೂರ್ವಕವಾಗಿ ಬದಲಿಸುವಂತಿಲ್ಲ. ಈ ಒಂದೊಂದು ನಿಷೇಧದ ಹಿಂದೆಯೂ ಹಿಂದಿನ ದಶಕಗಳ ಅನುಭವವಿದೆ. ನೆರೆಮನೆಯವರು ಬೇಸರಪಟ್ಟದ್ದು, ಮಗು ಹೇಳಲು ನಾಚಿ ಮಾತನ್ನು ನುಂಗಿಕೊಂಡದ್ದು, ಸ್ವಯಂಸೇವಕರು ಹೊತ್ತಾಯಿತೆಂದು ಎದ್ದದ್ದು ಎಲ್ಲವೂ ಕಾಯಿದೆಯ ನಿರ್ಭಾವದ ಭಾಷೆಯಲ್ಲಿ ಅಡಗಿವೆ. ವೆಚ್ಚದ ವಿಷಯದಲ್ಲಿಯೂ ಅಂಚೆಯ ರಿಯಾಯಿತಿಗೂ ಇದಕ್ಕೂ ಅಂತರವಿದೆ. ಇಲ್ಲಿ ಸೇವೆಯು ಕಂಪನಿಯ ಔದಾರ್ಯವಲ್ಲ, ಜಾಲವನ್ನು ನಡೆಸುವ ಖರ್ಚಿನ ಒಂದು ಭಾಗ. ಹಳ್ಳಿಗಾಡಿಗೆ ತಂತಿ ಎಳೆಯುವ ಖರ್ಚನ್ನು ನಗರದವರು ಹಂಚಿಕೊಳ್ಳುವ ಹಾಗೆ ಇದನ್ನೂ ಎಲ್ಲ ಚಂದಾದಾರರು ಹಂಚಿಕೊಂಡರು.

ಮುಂದಿನ ಬೆಳವಣಿಗೆಗಳು ತ್ವರಿತವಾದವು. 1996ರ ದೂರಸಂಪರ್ಕ ಕಾಯಿದೆಯು ಉಪಕರಣಗಳ ವಿನ್ಯಾಸದಲ್ಲಿಯೇ ವಿಕಲಚೇತನರನ್ನು ಪರಿಗಣಿಸಬೇಕೆಂದಿತು. 2000ದ ಬಳಿಕ ಸನ್ನೆ ಭಾಷೆಯ ದುಭಾಷಿಗಳು ದೃಶ್ಯ ಕರೆಯ ಮೂಲಕ ಮಧ್ಯವರ್ತಿಗಳಾಗುವ ಸೇವೆಗೂ ನಿಧಿಯಿಂದ ಹಣ ದೊರೆಯತೊಡಗಿತು; ಮಿಲಾನ್‌ನಲ್ಲಿ ತಿರಸ್ಕೃತವಾದ ಭಾಷೆ ದೂರವಾಣಿಯೊಳಗೆ ಬಂದದ್ದು ಹೀಗೆ. 2010ರ ಕಾಯಿದೆಯು ಅಂತರಜಾಲ ಆಧಾರಿತ ಸೇವೆಗಳನ್ನೂ ಒಳಗೊಂಡಿತು. ಈ ಕಥನವನ್ನು ಕೇವಲ ವಿಜಯದ ಕಥನವಾಗಿ ಹೇಳುವುದು ಸರಿಯಲ್ಲ. ನಿಮಿಷಕ್ಕೆ ಇಷ್ಟು ಎಂದು ನಿಧಿಯಿಂದ ಪಾವತಿಯಾಗುವುದನ್ನು ಕಂಡ ಕೆಲವರು ಸುಳ್ಳು ಕರೆಗಳನ್ನು ಸೃಷ್ಟಿಸಿ ಹಣ ದೋಚಿದರೆಂದು 2009ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು 26 ಜನರ ಮೇಲೆ ಮೊಕದ್ದಮೆ ಹೂಡಿತು.

ಭಾರತದ ಸನ್ನಿವೇಶ ಭಿನ್ನವಾದುದು. 1990ರ ದಶಕದ ಆರಂಭದಲ್ಲಿ ನಮ್ಮಲ್ಲಿದ್ದ ದೂರವಾಣಿಗಳ ಸಂಖ್ಯೆ ಸುಮಾರು 50 ಲಕ್ಷ. ನೂರು ಜನರಿಗೆ ಒಂದೂ ಇರಲಿಲ್ಲ. ಎಲ್ಲರೂ ಹೊರಗಿದ್ದ ಕಾಲದಲ್ಲಿ ಕಿವುಡರು ಹೊರಗಿರುವುದು ಯಾರ ಗಮನಕ್ಕೂ ಬರಲಿಲ್ಲ. ಆಗ ವಿಕಲಚೇತನರಿಗೂ ದೂರವಾಣಿಗೂ ಏರ್ಪಟ್ಟ ಸಂಬಂಧ ವಿಲಕ್ಷಣವಾದುದು. ಸಾರ್ವಜನಿಕ ಎಸ್‌ಟಿಡಿ ಬೂತುಗಳನ್ನು ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆ ನೀಡಲಾಗುತ್ತಿತ್ತು. ಕರ್ನಾಟಕದ ಬಸ್ ನಿಲ್ದಾಣಗಳ ಬಳಿ ಹಳದಿ ಫಲಕದ ಬೂತಿನಲ್ಲಿ ಊರುಗೋಲನ್ನು ಗೋಡೆಗೆ ಒರಗಿಸಿಟ್ಟು ಕುಳಿತವರನ್ನು ನನ್ನ ಪೀಳಿಗೆಯವರು ಮರೆತಿರಲಾರರು. ಇಲ್ಲಿ ವಿಕಲಚೇತನರು ಸೇವೆಯ ಗ್ರಾಹಕರಲ್ಲ, ಅದನ್ನು ಮಾರಿ ಬದುಕುವವರು. ಸಂಚಾರಿ ದೂರವಾಣಿ ಹರಡಿದಂತೆ ಆ ಬೂತುಗಳೂ ಆ ಜೀವನೋಪಾಯವೂ ಕಣ್ಮರೆಯಾದವು.

ಅದೇ ಸಂಚಾರಿ ದೂರವಾಣಿ ಕಿವುಡರಿಗೆ ಎಸ್‌ಎಂಎಸ್ ಎಂಬ ಅನಿರೀಕ್ಷಿತ ಸಾಧನವನ್ನು ತಂದಿತು. ಅದನ್ನು ಯಾರೂ ಅವರಿಗಾಗಿ ರೂಪಿಸಿರಲಿಲ್ಲ. ವೈಟ್‌ಬ್ರೆಕ್ಟ್ ಮುಂತಾದವರು ಭಾರೀ ಯಂತ್ರಗಳಿಂದ ಸಾಧಿಸಿದ್ದು ಇಲ್ಲಿ ಅಂಗೈಯಲ್ಲಿ, ಹೋರಾಟವಿಲ್ಲದೆ ದೊರೆಯಿತು. ಹೋರಾಟವಿಲ್ಲದೆ ದೊರೆತದ್ದರಿಂದ ಅದು ಹಕ್ಕಾಗಿಯೂ ದೊರೆಯಲಿಲ್ಲ ಎಂಬುದು 2011ರಲ್ಲಿ ಸ್ಪಷ್ಟವಾಯಿತು. ಬೇಡದ ವಾಣಿಜ್ಯ ಸಂದೇಶಗಳನ್ನು ತಡೆಯುವ ಸಲುವಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದು ಸಿಮ್‌ನಿಂದ ದಿನಕ್ಕೆ 100 ಸಂದೇಶಗಳ ಮಿತಿಯನ್ನು ವಿಧಿಸಿತು. ನವೆಂಬರ್‌ನಲ್ಲಿ ಅದನ್ನು 200ಕ್ಕೆ ಏರಿಸಿತು. ಮಾತನಾಡಬಲ್ಲವರಿಗೆ ಇದು ಸಣ್ಣ ಅಡಚಣೆ. ಸಂದೇಶವೇ ಮಾತಾಗಿದ್ದವರಿಗೆ ದಿನಕ್ಕೆ ಇಷ್ಟೇ ಮಾತು ಎಂದು ಅಳೆದುಕೊಟ್ಟಂತೆ. ವೈಯಕ್ತಿಕ ಸಂದೇಶಗಳ ಮೇಲಿನ ಮಿತಿಯನ್ನು ದೆಹಲಿ ಉಚ್ಚ ನ್ಯಾಯಾಲಯ 2012ರ ಜುಲೈನಲ್ಲಿ ರದ್ದುಗೊಳಿಸಿತು.

ಶಾಸನಗಳ ಮಟ್ಟದಲ್ಲಿ, 1995ರ ಅಂಗವಿಕಲರ ಅಧಿನಿಯಮವು ಸಾರಿಗೆ, ರಸ್ತೆ ಮತ್ತು ಕಟ್ಟಡಗಳಲ್ಲಿ ತಾರತಮ್ಯ ಕೂಡದೆಂದು ಹೇಳಿದರೂ ದೂರಸಂಪರ್ಕದ ಬಗ್ಗೆ ಮೌನವಾಗಿತ್ತು. ಭಾರತವು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಒಂಬತ್ತನೆಯ ಅನುಚ್ಛೇದವು ಮಾಹಿತಿ ಮತ್ತು ಸಂವಹನವನ್ನು ಕಟ್ಟಡ, ಸಾರಿಗೆಗಳ ಸಾಲಿನಲ್ಲಿಯೇ ಇರಿಸಿತ್ತು. ಅದರ ಅನುಸಾರವಾಗಿ ಬಂದ 2016ರ ಅಧಿನಿಯಮದ 42ನೆಯ ಪ್ರಕರಣವು ಈ ಕೊರತೆಯನ್ನು ತುಂಬಿತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ ಪ್ರವೇಶದ ಮಾನಕಗಳು ಕೇವಲ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದು. ಬ್ಯಾಂಕ್ ಖಾತೆಯೋ ಸಿಮ್ ಕಾರ್ಡೋ ಬೇಕಾದಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತಾನು ಜೀವಂತ ವ್ಯಕ್ತಿಯೆಂದು ತೋರಿಸಬೇಕೆಂಬ ಪದ್ಧತಿ ಜಾರಿಯಲ್ಲಿತ್ತು. ಆಸಿಡ್ ದಾಳಿಯಿಂದ ಕಣ್ಣು ಹಾನಿಗೊಂಡವರು, ಅಂಧರು ಇದನ್ನು ಮಾಡುವುದು ಹೇಗೆ? ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ನ್ಯಾಯಾಲಯವು ಈ ಪದ್ಧತಿಗೆ ಪರ್ಯಾಯಗಳನ್ನು ಒದಗಿಸಲು 20 ನಿರ್ದೇಶನಗಳನ್ನು ನೀಡಿತು.

ಕನ್ನಡದ ಮಟ್ಟಿಗೆ ಒಂದು ಮಾತು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲಿಯೇ ಆರಂಭವಾಗಿತ್ತು. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನ ಬ್ರೈಲ್ ಲಿಪಿ ರೂಪುಗೊಂಡಾಗ ಕನ್ನಡವೂ ಅದರಲ್ಲಿ ಸೇರಿತು. ಆದರೆ ಗಣಕದ ಯುಗದಲ್ಲಿ ನಾವು ಹಳೆಯ ಬೋಡೋ ಸಂಕೇತದಂಥದೇ ಒಂದು ಬಲೆಗೆ ಸಿಕ್ಕಿಕೊಂಡೆವು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳಿಂದ ಅಸಂಖ್ಯ ಪುಟಗಳು ಸಿದ್ಧವಾದವು. ಕಣ್ಣಿಗೆ ಅವು ಕನ್ನಡ. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹಳೆಯ ಗ್ರಂಥಗಳನ್ನು ಡಿಜಿಟಲೀಕರಿಸಿದ ಯೋಜನೆಗಳೂ ಪುಟಗಳ ಚಿತ್ರಗಳನ್ನೇ ಸಂಗ್ರಹಿಸಿದ್ದರಿಂದ, ಆ ತಂತ್ರಾಂಶಕ್ಕೆ ಅಲ್ಲಿ ಏನೂ ಕಾಣದು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿಯು ಅಂಗವಿಕಲರ ಬಳಕೆಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅನುಮತಿ ನೀಡಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದೂ ಭಾರತವೇ. ಆ ಅನುಮತಿಯನ್ನು ಬಳಸಿಕೊಂಡು ಕನ್ನಡದ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಬೆರಳಚ್ಚಿಸುವ, ಓದಿ ಧ್ವನಿಮುದ್ರಿಸುವ ಕೆಲಸವನ್ನು ಹೆಚ್ಚಾಗಿ ಮಾಡುತ್ತಿರುವವರು, 1970ರ ದಶಕದ ಅಮೆರಿಕದ ಮಧ್ಯವರ್ತಿ ಸೇವೆಯಲ್ಲಿದ್ದಂತೆಯೇ, ಬಿಡುವಿನ ಹೊತ್ತಿನ ಸ್ವಯಂಸೇವಕರು.